ಮೂಲೆಯ ಅಂಕಿ

ಮಾರ್ಚ್ ೩, ಮಧ್ಯಾಹ್ನ

ಬೆಳಗಿನಿಂದ ಇಪ್ಪತ್ತೆರಡು ಕಣ್ಣು. ಗದ್ದ ಇಲ್ಲಿಡಿ, ಹಣೆ ಒತ್ತಿ, ನೀಲಿ ಗುರುತು ನೋಡಿ, ಮಿಟುಕಿಸಬೇಡಿ... ಹತ್ತೊಂಬತ್ತು ವರ್ಷದಿಂದ ಇದೇ ಪಾಠ. ಊಟದ ಹೊತ್ತಿಗೆ ಕಣ್ಣಿನ ರಕ್ತನಾಳದ ಚಿತ್ರ ತೆಗೆಯುವ ನನ್ನ ಸ್ಕ್ಯಾನರಿಗೆ ಸರ್ವೀಸ್ ಆಯಿತು. ಪರೀಕ್ಷೆಗೆ ನನ್ನ ಕಣ್ಣನ್ನೇ ಕೊಟ್ಟೆ. ಪಕ್ಕದ ರೂಮಿನಲ್ಲಿ ಕಣ್ಣಿನ ಪ್ರೆಶರ್ ನೋಡುವ ಗೆಳತಿ ಚಿತ್ರ ತೆಗೆದಳು. ಎಡಗಣ್ಣಿನ ರಕ್ತನಾಳಗಳ ಬಲೆಯಲ್ಲಿ, ಕೆಳಗೆ, ಒಂದು ಕಪ್ಪು ಹೋಳು.

"ನೆಟ್ಟಗೆ ತೆಗೆಯೋಕೆ ಬರಲ್ವೇನೇ ನಿಂಗೆ?" ಎಂದು ಬೈದೆ. ಮತ್ತೆ ತೆಗೆದಳು. ಅದೇ ಹೋಳು. ಗ್ಲಾಕೋಮಾ, ಪ್ರೆಶರ್ ಏರಿ ಕಣ್ಣಿನ ನರ ಸಾಯಿಸುವ ರೋಗ. ದಿನಕ್ಕೆ ನಾಲ್ಕು ನೋಡುತ್ತೇನೆ ಇಂಥದ್ದು.

ಸಂಜೆ

ಪ್ರತಿ ವರ್ಷ ದೀಪದ ಟೆಸ್ಟ್, ಅದೇ ಸುತ್ತಲಿನ ನೋಟ ಅಳೆಯೋಕೆ ದೀಪ ಕಂಡಾಗಲೆಲ್ಲ ಬಟನ್ ಒತ್ತುವುದು, ಪಾಸಾಗಿದ್ದೆನಲ್ಲ? ಇವತ್ತು ಕಿವಿಗೆ ಹತ್ತಿ ತುರುಕಿಕೊಂಡು ಕೂತೆ. ಫೇಲ್. ದೀಪ ಮಿನುಗುವ ಮೊದಲು ಆ ಹಳೇ ಮೆಷಿನ್ ಸಣ್ಣಗೆ ಟಿಕ್ ಅನ್ನುತ್ತದೆ. ಇಷ್ಟು ವರ್ಷ ಬಟನ್ ಒತ್ತಿದ್ದು ಕಣ್ಣು ನೋಡಿ ಅಲ್ಲ, ಕಿವಿ ಕೇಳಿ! ನನಗೆ ನಾನೇ ಟೋಪಿ ಹಾಕಿಕೊಂಡೆ.

ಏಪ್ರಿಲ್ ೮

ಮೂರು ಬಗೆಯ ಡ್ರಾಪ್ಸ್ ಸುರಿದರೂ ಪ್ರೆಶರ್ ಮೂವತ್ತೊಂದು, ಇಪ್ಪತ್ತೊಂದು ದಾಟಬಾರದು. ನಾಳೆ ಆಪರೇಷನ್. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ" ಎಂದರು ಡಾಕ್ಟರ್ ಮೇಡಂ. ಆಪರೇಷನ್ನಿಗೆ ಮುಂಚಿನ ಚಿತ್ರ ತೆಗೆದದ್ದಾಯಿತು. ಕಣ್ಣು ಉರಿದು ನೀರು ಸೋರುತ್ತಿತ್ತು. ಚಿತ್ರ ಮಸುಕು, ಮೂಲೆಯಲ್ಲಿ ಗುಣಮಟ್ಟದ ಅಂಕಿ ಆರು. ಹತ್ತಕ್ಕೆ ಆರು! ಬೇರೆಯವರದ್ದಾಗಿದ್ದರೆ ಮತ್ತೆ ಕೂರಿಸುತ್ತಿದ್ದೆ. ನನ್ನದಕ್ಕೆ ಸುಮ್ಮನಾದೆ. ಹೆದರಿಕೆ.

ಅಕ್ಕ ಫೋನಿನಲ್ಲಿ, "ಆ ಕೆಲಸ ಬಿಟ್ಟು ಮನೇಲಿ ಕೂತ್ಕೊಳ್ಳೇ."

"ಕೂತ್ಕೊಂಡೇ ಮಾಡೋ ಕೆಲಸ ಕಣಕ್ಕಾ ನಂದು" ಎಂದೆ.

ಏಪ್ರಿಲ್ ೨೭

ಪ್ರೆಶರ್ ಹನ್ನೆರಡು! ಬರೆಯುವ ಅಕ್ಷರಗಳು ಗೆರೆ ಬಿಟ್ಟು ಓಡುತ್ತಿವೆ, ಓಡಲಿ. ಮ್ಯಾನೇಜರ್ ನನ್ನನ್ನು ಫೈಲ್ ರೂಮಿಗೆ ಹಾಕಿದ್ದಾರೆ. ಕಣ್ಣು ಸುಧಾರಿಸಿದ್ದಕ್ಕೆ ಪುರಾವೆ ತಂದರೆ ಮಾತ್ರ ಸ್ಕ್ಯಾನರ್ ಮುಂದಿನ ಸ್ಟೂಲು ವಾಪಸಂತೆ. ಮೈಯೆಲ್ಲ ಉರಿಯಿತು.

ಜೂನ್ ೧೦

ಆಪರೇಷನ್ ನಂತರದ ಚಿತ್ರ. ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು ಮುಖ ಅರಳಿಸಿದರು. "ನೋಡಿ, ರಕ್ತನಾಳ ಎಷ್ಟು ತುಂಬ್ಕೊಂಡಿವೆ! ಮ್ಯಾನೇಜರಿಗೆ ಇದೊಂದು ತೋರ್ಸಿದ್ರೆ ಸಾಕು."

ಒಂದು ಕ್ಷಣ ಆಸೆಯಾಯಿತು. ಸುಳ್ಳೇಕೆ ಹೇಳಲಿ, ತುಂಬ ಆಸೆಯಾಯಿತು. ಆಮೇಲೆ ಕಣ್ಣು ಮೂಲೆಗೆ ಹೋಯಿತು. ಮುಂಚಿನದ್ದು ಆರು, ಈಗಿನದ್ದು ಒಂಬತ್ತು. ಮಸುಕು ಚಿತ್ರದಲ್ಲಿ ಸಣ್ಣ ನಾಳ ಕಾಣುವುದಿಲ್ಲ, ಅಷ್ಟೇ.

"ಮೇಡಂ, ಸುಧಾರ್ಸಿರೋದು ಫೋಟೋ. ಕಣ್ಣಲ್ಲ. ಆ ಕಪ್ಪು ಹೋಳು ಇದ್ದಲ್ಲೇ ಇದೆ. ದೊಡ್ಡದಾಗಿಲ್ಲ, ಅಷ್ಟು ಬರೀರಿ."

ಮೇಡಂ ಕನ್ನಡಕ ತೆಗೆದು, ಹಾಕಿಕೊಂಡು, ಮತ್ತೆ ನೋಡಿದರು. "ನಾನು ಗಮನಿಸಲೇ ಇಲ್ಲ ಕಣ್ರೀ... ಮತ್ತೆ ನಿಮ್ಮ ಸ್ಟೂಲು?"

"ಆರು-ಒಂಬತ್ತನ್ನ ಹಿಡಿದಿದ್ದು ಯಾರ ಕಣ್ಣು ಅಂತ ಮ್ಯಾನೇಜರಿಗೆ ಹೇಳಿ. ಅದೇ ಪುರಾವೆ."

ಒಮ್ಮೆ ಕಿವಿ ನಂಬಿ ಕೆಟ್ಟೆ. ಇನ್ನು ಫೋಟೋ ನಂಬಿ ಕೆಡುವವಳಲ್ಲ.

ಜೂನ್ ೧೧, ಬೆಳಿಗ್ಗೆ ೯:೧೦

ಯಾರನ್ನೂ ಕೇಳದೆ ಸ್ಟೂಲಿನ ಮೇಲೆ ಕೂತಿದ್ದೇನೆ. ಎದುರಿಗೆ ಒಬ್ಬ ಅಜ್ಜಿ, ಡ್ರಾಪ್ಸ್ ಹಾಕಿ ಕೂರಿಸಿದ್ದೇನೆ. ಮೊದಲ ಚಿತ್ರಕ್ಕೆ ಐದು ಬಂತು. ಅಳಿಸಿದೆ. ಒಂಬತ್ತು ಬರುವವರೆಗೂ ತೆಗೆಯುತ್ತೇನೆ.

ಬಾಗಿಲಲ್ಲಿ ಮ್ಯಾನೇಜರ್ ಬಂದು ನಿಂತಿದ್ದಾರೆ. ಕೈಯಲ್ಲಿ ಏನೋ ಕಾಗದ, ಮೇಡಂ ಅಕ್ಷರದ ಹಾಗಿದೆ. ನಿಂತಿರಲಿ. ಮೊದಲು ಅಜ್ಜಿಯ ಕಣ್ಣು, ಆಮೇಲೆ—