ಸೆರಗಿನ ಚುಂಗು

ಬನಶಂಕರಿ ಎರಡನೇ ಹಂತ, ಬೆಂಗಳೂರು
9 ನವೆಂಬರ್ 2025, ಭಾನುವಾರ

ಪ್ರೀತಿಯ ನಾರಾಯಣಮ್ಮನವರಿಗೆ,

ನಮಸ್ಕಾರ. ದಸರಾ ರಜೆಯಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟವಳು ದೀಪಾವಳಿಯನ್ನೂ ಮುಗಿಸಿ ಈಗ ಕೂತಿದ್ದೇನೆ. ಬೈಯುವುದಿದ್ದರೆ ಬೈದುಬಿಡಿ. "ಫೋನಲ್ಲಿ ಬರೀ ಗೊರಗೊರ ಅನ್ನತ್ತೆ, ಏನೂ ಕೇಳ್ಸಲ್ಲ ಕಣವ್ವ. ಕಾಗ್ದ ಬರಿ, ಕನ್ನಡ್ಕ ಹಾಕ್ಕೊಂಡು ನಿಧಾನಕ್ಕೆ ಓದ್ಕೊತೀನಿ" ಎಂದಿದ್ದಿರಿ. ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಕೌಂಟರಿನ ಹುಡುಗಿ "ಯಾರಿಗೆ ಮೇಡಂ, ಲವ್ ಲೆಟರಾ?" ಎಂದು ನಕ್ಕಳು. ಹೌದು ಎಂದೆ.

ಶಿಶುಗೃಹದ ಕೆಲಸ ಬಿಟ್ಟ ಮೇಲೆ ಅಂಜನಾಪುರದ ತಮ್ಮನ ಮನೆಯಲ್ಲಿ ಹೊತ್ತು ಹೋಗುತ್ತಿದೆಯೇ? ಇಪ್ಪತ್ತು ವರ್ಷ ಕೂಸುಗಳನ್ನು ಎತ್ತಿ ಎತ್ತಿ ಸವೆದ ನಿಮ್ಮ ಮಂಡಿ ಈಗ ಹೇಗಿದೆ?

ನಿಮ್ಮ ಸ್ಪಂದನಾ ನಮ್ಮ ಮಗಳಾಗಿ ಹದಿನೈದು ತಿಂಗಳಾಯಿತು. ಮುಂದಿನ ತಿಂಗಳು ನಾಲ್ಕು ತುಂಬುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದು ನೋಡಿದರೆ ಬಂದಾಗಿನಿಂದ ನಾಲ್ಕು ಬೆರಳು ಮೇಲೆ ಹೋಗಿದ್ದಾಳೆ. ಬಲಗಿವಿಯ ತುದಿ ಮಾತ್ರ ನೀವು ಕಂಡಂತೆಯೇ ವೀಳ್ಯದೆಲೆಯ ಮೂಲೆ ಮಡಿಚಿದ ಹಾಗೆ ಒಳಗೆ ಮಡಿಚಿಕೊಂಡಿದೆ. ನಮ್ಮ ಅತ್ತೆ ಜಯದೇವಮ್ಮ ದಿನಾ ಎಣ್ಣೆ ಹಚ್ಚಿ ತೀಡುತ್ತಾರೆ. ಅದು ದಿನಾ ಮತ್ತೆ ಮಡಿಚಿಕೊಳ್ಳುತ್ತದೆ.

ಅವಳು ಮಾಡಿದ್ದು, ಆಡಿದ್ದು ಎಲ್ಲವನ್ನೂ ಬರೆದಿಡಲು ನೋಟ್‌ಬುಕ್ಕೊಂದನ್ನು ಇಟ್ಟಿದ್ದೇನೆ. ನಿನ್ನೆ ಟೆರೇಸಿನ ಮೇಲೆ ನಿಂತು, "ಅಮ್ಮ, ನೀರು ಟ್ಯಾಂಕಿಗೆ ಹತ್ತಕ್ಕೆ ಮೆಟ್ಲು ಎಲ್ಲಿದೆ?" ಎಂದು ಕೇಳಿದಳು. ಪೈಪು ತೋರಿಸಿದೆ. ಪೈಪಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, "ಪಾಪ, ಕತ್ಲಲ್ಲಿ ಹತ್ತುತ್ತೆ" ಎಂದಳು. ಇಷ್ಟೆಲ್ಲ ಕವಿತೆ ಓದುವ ನನಗೆ ಒಂದು ದಿನವೂ ಅದು ಹೊಳೆದಿರಲಿಲ್ಲ.

ಆದರೆ ನೋಟ್‌ಬುಕ್ಕಿನ ಮೊದಲ ಇಪ್ಪತ್ತು ಪುಟ ಖಾಲಿ ಬಿಟ್ಟಿದ್ದೇನೆ. ಅವು ನಿಮ್ಮವು. ಮೊದಲ ಹಲ್ಲು ಮೇಲೆ ಬಂತೋ ಕೆಳಗೋ? ಮೊದಲು ಯಾರನ್ನು ಕರೆದಳು, ಏನೆಂದು? ನಮ್ಮ ಫೈಲಿನಲ್ಲಿ ಇರುವುದು 2023ರ ಜೂನ್ ತಿಂಗಳ ಒಂದು ತಾರೀಖು, ಅವಳು ನಿಮ್ಮಲ್ಲಿಗೆ ಬಂದ ದಿನವಿರಬೇಕು, ಅಷ್ಟೆ. ಆಗ ಅವಳಿಗೆ ಒಂದೂವರೆ ವರ್ಷ; ಅದಕ್ಕೂ ಮುಂಚಿನದು ಯಾರಿಂದಾದರೂ ನಿಮ್ಮ ಕಿವಿಗೆ ಬಿದ್ದಿದ್ದರೆ ಅದನ್ನೂ ಬರೆಯಿರಿ. ಅದೇ ವರ್ಷ ಫೆಬ್ರವರಿಯಲ್ಲಿ ನಾವು ನಿಮ್ಮಲ್ಲಿಗೆ ಬಂದಿದ್ದೆವು, ನಮ್ಮ ಮಾವ ಗುರುಬಸಪ್ಪನವರ ಪುಣ್ಯಸ್ಮರಣೆಗೆ ಮಕ್ಕಳಿಗೆ ಪಾಯಸದ ಊಟ ಹಾಕಿಸಲು. "ನಾಲ್ಕೇ ತಿಂಗಳಲ್ಲಿ ತಪ್ಪಿಸ್ಕೊಂಡ್ಳು ನೋಡು" ಎಂದು ನನ್ನ ಗಂಡ ಚಿದಾನಂದ್ ಈಗಲೂ ನಗುತ್ತಾರೆ.

ಇನ್ನೆರಡು ವಿಷಯ ನೀವೇ ಹೇಳಬೇಕು. ಒಂದು, ಇವಳು ಎದ್ದಾಗ ಅಳುವುದಿಲ್ಲ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಫ್ಯಾನ್ ನೋಡುತ್ತ ಮಲಗಿರುತ್ತಾಳೆ, ಯಾರಾದರೂ ಹೋಗಿ ಎತ್ತುವವರೆಗೂ. ಎಷ್ಟು ಒಳ್ಳೆಯ ಮಗು ಎಂದು ನಾನು ಮೊದಮೊದಲು ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ಅತ್ತೆಯೇ ಒಂದು ದಿನ ಗದರಿದರು: "ಎಂ.ಎ. ಓದಿದೀಯ, ಇಷ್ಟು ತಿಳಿಯಲ್ವಾ? ಕರೆದ್ರೆ ಬರ್ತಾರೆ ಅಂತ ಗೊತ್ತಿರೋ ಮಗು ಕರೆಯುತ್ತೆ ಕಣೇ."

ಇನ್ನೊಂದು, ಸೆರಗು. ಮನೆಯಲ್ಲಿ ನಾನು ಚೂಡಿದಾರದಲ್ಲೇ ಇರುವುದು. ಆ ದುಪಟ್ಟಾ ಅವಳಿಗೆ ಲೆಕ್ಕಕ್ಕೇ ಇಲ್ಲ. ಮದುವೆ ಮುಂಜಿಗೆಂದು ಸೀರೆ ಉಟ್ಟೆನೋ, ಬಂದು ಸೆರಗಿನ ಚುಂಗು ಹಿಡಿದಳೆಂದೇ ಲೆಕ್ಕ. ಬೆರಳಿಗೆ ಎರಡು ಸುತ್ತು ಸುತ್ತಿ, ಜರಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತಲ್ಲೇ ನಿದ್ದೆ ಹೋಗುತ್ತಾಳೆ. ಆಗ ಅವಳು ಹಿಡಿದಿರುವುದು ನನ್ನನ್ನೋ, ನನಗೆ ಗೊತ್ತಿಲ್ಲದ ಇನ್ಯಾರನ್ನೋ? ನಿಮ್ಮ ಸೆರಗು ಹಿಡಿದು ಕಲಿತದ್ದೇ? ಹಾಗಿದ್ದರೆ ನನಗೇನೂ ಬೇಸರವಿಲ್ಲ. ತಿಳಿಯಬೇಕು, ಅಷ್ಟೆ.

ಖಂಡಿತ ಬರೆಯಿರಿ. ಇಲ್ಲಿ ಎಲ್ಲರೂ ಆರೋಗ್ಯ.

ನಿಮ್ಮ,
ವನಿತಾ


ಬನಶಂಕರಿ ಎರಡನೇ ಹಂತ, ಬೆಂಗಳೂರು
25 ಜನವರಿ 2026, ಭಾನುವಾರ

ಪ್ರೀತಿಯ ನಾರಾಯಣಮ್ಮನವರಿಗೆ,

ನಿಮ್ಮ ಕಾಗದ ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ತಲುಪಿತು. ಹದಿನೈದು ದಿನ ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮಿಸಿ. ಹಬ್ಬದ ಕೆಲಸ ಒಂದು ನೆಪ. ಇನ್ನೊಂದು ಕಾರಣ ಕೊನೆಗೆ ಹೇಳುತ್ತೇನೆ.

ಮೊದಲು ಸಂತೋಷದ ಸುದ್ದಿ. ಈ ತಿಂಗಳ ಆರನೇ ತಾರೀಖು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಕೋಣೆಯಿಂದ ಮನೆ ಹಾರಿಹೋಗುವಂತೆ ಕೂಗು: "ಅಮ್ಮಾ! ಬಾ! ಈಗ್ಲೇ ಬಾ!" ಒಲೆ ಆರಿಸುವುದನ್ನೂ ಮರೆತು ಓಡಿದೆ. ಹಾಸಿಗೆಯ ಮೇಲೆ ಕೂತು ಬಾಯಿ ಇಷ್ಟಗಲ ತೆರೆದು ಅಳುತ್ತಿದ್ದಾಳೆ. ಬಿದ್ದಿಲ್ಲ, ಕನಸಿಲ್ಲ, ಜ್ವರವಿಲ್ಲ. ಎದ್ದಳು, ನಾನು ಇರಲಿಲ್ಲ, ಅದಕ್ಕೆ ಕೋಪ.

"ಏನೇ ಆಯ್ತು, ಬಿದ್ಲಾ?" ಎಂದು ಅತ್ತೆ ದೇವರ ಮನೆಯಿಂದ ಕೂಗಿದರು.

"ಇಲ್ಲ ಅತ್ತೆ, ಅಳ್ತಿದಾಳೆ!"

"ಅಳೋ ಮಗೂನ ಇಟ್ಕೊಂಡು ನಗ್ತೀಯಲ್ಲೇ, ಹುಚ್ಚಿ!" ಎಂದರು. ಆಮೇಲೆ ಅವರಿಗೂ ತಿಳಿಯಿತು. ಉಕ್ಕಿದ ಹಾಲನ್ನು ಅವರೇ ಒರೆಸಿದರು, ಒಂದು ಮಾತೂ ಆಡದೆ. ನಮ್ಮ ಅತ್ತೆಯ ವಿಷಯದಲ್ಲಿ ಅದು ಇನ್ನೂ ದೊಡ್ಡ ಸುದ್ದಿ.

ಇನ್ನು ಹಬ್ಬ. ಸಂಕ್ರಾಂತಿಯ ದಿನ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುವುದು ನಿಮ್ಮಲ್ಲೂ ಇರಬೇಕು. ಒಂದು, ಮೂರು, ಐದು ಹೀಗೆ ಬೆಸ ವರ್ಷ ನಡೆಯುವಾಗ ಎರೆಯುತ್ತಾರೆ, ಐದಕ್ಕೆ ಮುಗಿಯಿತು. ಸ್ಪಂದನಾಗೆ ಈಗ ಐದನೆಯದು ನಡೆಯುತ್ತಿದೆ. ಇದೇ ಮೊದಲು, ಇದೇ ಕೊನೆ. ಅತ್ತೆ ಗಾಂಧಿಬಜಾರಿನಿಂದ ಹಣ್ಣು ತರಿಸಿ, ಕಬ್ಬಿನ ಚೂರು, ಎಳ್ಳು, ಹೂವು, ಚಿಲ್ಲರೆ ಕಾಸು ಬೆರೆಸಿ ಒಂದಲ್ಲ, ಮೂರು ಸೇರು ತುಂಬಿಸಿಟ್ಟರು.

"ಇಷ್ಟೊಂದ್ಯಾಕಮ್ಮ?" ಎಂದು ಚಿದಾನಂದ್ ಕೇಳಿದರು.

"ಒಂದನೇ ವರ್ಷದ್ದೊಂದು, ಮೂರನೇ ವರ್ಷದ್ದೊಂದು, ಈ ವರ್ಷದ್ದೊಂದು. ಆಗ ಎರೆಯೋಕೆ ನಾನಿರಲಿಲ್ಲ, ಈಗ ಇದೀನಲ್ಲ" ಎಂದರು.

ಮಣೆಯ ಮೇಲೆ ಕೂರಿಸಿ ಆರತಿ ಮಾಡಿ ಎರೆದರು. ಇವಳು ಕಣ್ಣು ಮುಚ್ಚಬೇಕೋ ಬಾಯಿ ಮುಚ್ಚಬೇಕೋ ತಿಳಿಯದೆ ಎರಡನ್ನೂ ತೆರೆದುಕೊಂಡು ಮೇಲೆ ನೋಡುತ್ತಿದ್ದಳು. ಬಿದ್ದದ್ದನ್ನು ಬೀದಿಯ ಮಕ್ಕಳೆಲ್ಲ ನುಗ್ಗಿ ಆರಿಸಿಕೊಳ್ಳುವುದು ವಾಡಿಕೆಯಲ್ಲವೇ? ಒಬ್ಬರ ಮೇಲೊಬ್ಬರು ಬಿದ್ದರು. ಇವಳು ಮಣೆಯಿಂದ ಎದ್ದು, "ಹಾಗೆಲ್ಲ ತಗೋಬಾರ್ದು! ಲೈನ್! ಲೈನ್!" ಎಂದು ಕಿರುಚಿದಳು. ಗದರಿದ ರೀತಿ ನೋಡಿ ದೊಡ್ಡ ಹುಡುಗರೂ ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಆಮೇಲೆ ನೆಲದ ಮೇಲೆ ಕೂತು ಎಲಚಿ ಹಣ್ಣನ್ನು ಸಣ್ಣ ಸಣ್ಣ ಗುಡ್ಡೆ ಮಾಡತೊಡಗಿದಳು. ಬಂದ ಮಕ್ಕಳು ಏಳೇ ಜನ; ಗುಡ್ಡೆ ಬೆಳೆಯುತ್ತಲೇ ಹೋಯಿತು.

"ಯಾರಿಗೇ ಇಷ್ಟೊಂದು, ನನ್ನವ್ವ?" ಎಂದರು ಅತ್ತೆ.

"ಇದು ಇವ್ರಿಗೆ. ಇದು ನಮ್ ಲೈನ್‌ಗೆ."

ನಿಮ್ಮಲ್ಲಿ ಊಟಕ್ಕೆ ನಿಲ್ಲುತ್ತಿದ್ದ ಅವಳ ಲೈನಿಗೆ ಹನ್ನೊಂದು ಗುಡ್ಡೆ. ಹೆಸರು ಕೇಳಿದರೆ ನಾಲ್ಕೈದು ಮಾತ್ರ ಹೇಳಿದಳು, ಉಳಿದವು ಮರೆತುಹೋಗಿವೆ. ಲೆಕ್ಕ ಮರೆತಿಲ್ಲ. ಆಮೇಲೆ ಬೇರೆಯಾಗಿ ಇನ್ನೊಂದು ಗುಡ್ಡೆ ಮಾಡಿ "ಇದು ನಾಣಮ್ಮಂಗೆ" ಎಂದಳು. ಅದನ್ನು ಪೊಟ್ಟಣ ಕಟ್ಟಿ, ಎಳ್ಳುಬೆಲ್ಲ, ಸಕ್ಕರೆ ಅಚ್ಚಿನ ಜೊತೆ ಈ ಕಾಗದವನ್ನೂ ಇಟ್ಟು ಚಿದಾನಂದ್ ಕೈಲಿ ಕಳಿಸುತ್ತಿದ್ದೇನೆ. ಹಣ್ಣು ಬಾಡಿರಬಹುದು. ನಿಮ್ಮ ಪಾಲಿನದು, ಬಿಸಾಡಬೇಡಿ. ಅವರು ಕೂತು ಕಾಫಿ ಕುಡಿದೇ ಬರಲಿ, ಅಂಗಡಿಗೆ ಹೊತ್ತಾಯಿತು ಎಂದರೆ ಬಿಡಬೇಡಿ.

ನೀವು ಬರೆದದ್ದನ್ನೆಲ್ಲ ಖಾಲಿ ಪುಟಗಳಿಗೆ ಇಳಿಸಿದ್ದೇನೆ. ಮೊದಲ ಹಲ್ಲು ಕೆಳಗೆ, ಎಡಕ್ಕೆ. ಮೊದಲು ಕರೆದದ್ದು ಕಿಟಕಿಗೆ ಬರುತ್ತಿದ್ದ ಕಾಗೆಯನ್ನು. ಇದನ್ನು ಓದಿ ಹೇಳಿದಾಗ ಅವಳು ತುಂಬಾ ಗಂಭೀರವಾಗಿ, "ಕಾಗೆ ಬಂತಾ ಆಮೇಲೆ?" ಎಂದು ಕೇಳಿದಳು. ಬಂತಾ? ದಯವಿಟ್ಟು ತಿಳಿಸಿ.

ಬೇಸಿಗೆ ರಜೆಯಲ್ಲಿ ಅವಳನ್ನು ಕರೆದುಕೊಂಡು ಬರುತ್ತೇನೆ. ಹನ್ನೊಂದು ಮಕ್ಕಳಿಗೂ, ಅವರು ಎಲ್ಲೆಲ್ಲಿದ್ದಾರೋ ಅಲ್ಲಲ್ಲಿ, ಕರೆದರೆ ಬರುವವರು ಸಿಕ್ಕಿರಲಿ. ನಿಮ್ಮ ಮಂಡಿ ನೆಟ್ಟಗಾಗಲಿ. ದೊಡ್ಡವರು ನೀವು, ನಮ್ಮ ಮೂವರ ತಲೆಯ ಮೇಲೂ ನಿಮ್ಮ ಕೈ ಇರಲಿ.

ನಿಮ್ಮ,
ವನಿತಾ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು.

ಸೆರಗಿನ ಬಗ್ಗೆ ನೀವು ಬರೆದ ನಾಲ್ಕು ಸಾಲನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಲು ಆಗಿಲ್ಲ. "ನಾವ್ಯಾರೂ ಅಲ್ಲಿ ಸೀರೆ ಉಡ್ತಿರಲಿಲ್ಲ ಕಣವ್ವ, ಚೂಡಿದಾರದ ಮೇಲೆ ಕೋಟು. ಸೀರೆಯೋರು ಅಂದ್ರೆ ಊಟ ಹಾಕ್ಸಕ್ಕೆ ಬರೋರು. ಸೆರಗು ಕೈಗೆ ಸಿಕ್ರೆ ಬಿಡ್ತಿರಲಿಲ್ಲ ನಿನ್ ಮಗಳು. ಅವರು ಹೊರಟಾಗ ಬಿಡಿಸಿ ಎತ್ಕೊಂಡೋಗ್ತಿದ್ವಿ." ಮತ್ತೆ ಅದರ ಕೆಳಗೆ: ಫೈಲಿನ ಆ ಜೂನ್ ತಾರೀಖು ಮಗುವನ್ನು ದತ್ತು ಕೊಡಬಹುದೆಂದು ಕಮಿಟಿಯವರು ಸಹಿ ಹಾಕಿದ ದಿನ, ಮಗು ನಿಮ್ಮ ಕೈಗೆ ಬಂದದ್ದು ಹತ್ತೊಂಬತ್ತು ದಿನದ ಕೂಸಾಗಿದ್ದಾಗ ಎಂದು.

ಹಾಗಾದರೆ ಆ ಫೆಬ್ರವರಿಯಲ್ಲಿ ಅವಳು ಅಲ್ಲೇ ಇದ್ದಳು.

ಪಾಯಸ ಬಡಿಸಿದ ದಿನದ ಫೋಟೊ ಮೂರು ವರ್ಷದಿಂದ ಚಿದಾನಂದರ ಅಂಗಡಿಯಲ್ಲಿ, ಮಾವನವರ ಫೋಟೊದ ಪಕ್ಕದಲ್ಲಿ ತೂಗುತ್ತಿದೆ. ನಿಮ್ಮ ಕಾಗದ ಬಂದ ಸಂಜೆ ಹೋಗಿ ಕೆಳಗಿಳಿಸಿ ನೋಡಿದೆ. ನಾನು ಮೈಸೂರು ಸಿಲ್ಕ್ ಉಟ್ಟು ಕ್ಯಾಮೆರಾ ನೋಡಿ ನಗುತ್ತಿದ್ದೇನೆ. ನನ್ನ ಕಾಲ ಹತ್ತಿರ ಒಂದು ಮಗು, ಮುಖ ಆ ಕಡೆಗೆ. ಕಾಣುವುದು ಬಲಗಿವಿ ಮಾತ್ರ. ಅದರ ತುದಿ ಮಡಿಚಿಕೊಂಡಿದೆ. ನನ್ನ ಸೆರಗು ಅದರ ಕೈಯಲ್ಲಿದೆ.

ಆ ಹೊತ್ತಿಗೆ ನಾವು ಮಗುವಿಗೆ ಅರ್ಜಿ ಹಾಕಿ ಮೂರು ವರ್ಷ ಆಗಿತ್ತು, ನಾರಾಯಣಮ್ಮ. ಯಾರ ಮುಖ ನೋಡಿದರೂ ಆಸೆ ಹುಟ್ಟೀತು, ಆಮೇಲೆ ಸಿಗದೆ ಹೋದೀತು ಎಂದು ಹೆದರಿ, ಆ ದಿನ ಯಾವ ಮಗುವಿನ ಮುಖವನ್ನೂ ನೋಡಬಾರದೆಂದು ನಿರ್ಧರಿಸಿಯೇ ಒಳಗೆ ಕಾಲಿಟ್ಟಿದ್ದೆ. ಹೊರಡುವಾಗ ಯಾರೋ ಸೆರಗು ಎಳೆದದ್ದು ನೆನಪಿದೆ. ಪಾಯಸದ ಅಂಟು ನೆನಪಿದೆ. ಬಿಡಿಸಲು ನೀವು ಬರಲಿಲ್ಲ. ನಾನೇ ಬಗ್ಗಿ, ತಲೆ ಎತ್ತದೆ, ಒಂದೊಂದೇ ಬೆರಳು ಬಿಡಿಸಿದೆ. ಆಮೇಲೆ ನಾವು ಕರೆತರುವವರೆಗೆ ಹದಿನೆಂಟು ತಿಂಗಳು ಅವಳು ಅಲ್ಲಿ ಎದ್ದು ಫ್ಯಾನ್ ನೋಡುತ್ತ ಮಲಗಿದ್ದಳು.

ಚಿದಾನಂದರಿಗೆ ಇನ್ನೂ ಹೇಳಿಲ್ಲ. ಅವಳಿಗೆ ಹೇಳಲು ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಸಂಕ್ರಾಂತಿಯಿಂದೀಚೆಗೆ ಮನೆಯಲ್ಲೂ ಸೀರೆಯನ್ನೇ ಉಡುತ್ತಿದ್ದೇನೆ. ಮಧ್ಯಾಹ್ನ ಸ್ಕೂಲಿನಿಂದ ಬಂದು, ಉಂಡು, ಚುಂಗು ಬೆರಳಿಗೆ ಸುತ್ತಿಕೊಂಡು ಮಲಗುತ್ತಾಳೆ. ಕುಕ್ಕರ್ ಕೂಗಲಿ, ಬಾಗಿಲು ಬಡಿಯಲಿ, ನಾನು ಏಳುವುದಿಲ್ಲ. ಅವಳಾಗಿಯೇ ಬಿಡುವವರೆಗೆ ಕೂತಿರುತ್ತೇನೆ.