ನಾನು ನೋಡದೆ ಬಿಟ್ಟ ಆರು

ಮನೆಯಿಂದ, ಊಟದ ಮೇಜಿನ ಮೇಲೆ
ಹದಿನೇಳನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಮೊಮ್ಮಗಳೇ, ನನ್ನ ಚೂಟಿ ಹುಡುಗೀ,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತಾ? ಕೋಣೆಯ ಕಿಟಕಿ ಮುಚ್ಚೋದಿಲ್ಲ ಅಂದಿದ್ದೆ, ಅದನ್ನು ಸರಿಮಾಡಿಸಿಕೊಂಡೆಯಾ, ಇಲ್ಲ ಇನ್ನೂ ಸಂದಿಗೆ ಹಳೇ ಪೇಪರ್ ತುರುಕಿಕೊಂಡೇ ಕೂತಿದ್ದೀಯಾ? ನನ್ನ ಮೊಣಕಾಲು ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೊಸ ಕನ್ನಡಕ ಬಂತು. ನಿಮ್ಮಮ್ಮ ಚೆನ್ನಾಗಿದ್ದಾಳೆ, ಭಾನುವಾರದಿಂದ ನನ್ನ ಮೇಲೆ ಗೊಣಗುತ್ತಾ ಇದ್ದಾಳೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು 'ಹೂಂ ಅಜ್ಜಿ, ಆಮೇಲೆ ಮಾಡ್ತೀನಿ' ಅಂತ ಜಾರಿಕೊಳ್ಳುತ್ತೀಯ. ಕಾಗದದ ಕೈಯಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭ ಅಲ್ಲ.

ಹೋದ ತಿಂಗಳು ನೀನು ಬಂದು ಮೂರು ದಿನ ಇದ್ದು, ಹೊರಡೋ ಹೊತ್ತಿಗೆ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತು ಎಸೆದು ಹೋದೆಯಲ್ಲ, 'ಆ ವಿಷಯ ಬೇಜಾರಾಯ್ತು ಅಜ್ಜಿ, ಥೀಸಿಸ್‌ಗೆ ಬೇರೆ ಏನಾದ್ರೂ ಹಿಡೀತೀನಿ' ಅಂತ. ಎರಡೂವರೆ ವರ್ಷ ಊಟ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದವಳಿಗೆ ಇದ್ದಕ್ಕಿದ್ದಂತೆ ಬೇಜಾರಂತೆ! ಯಾರ ಕಿವಿಗೆ ಹೂವಿಡುತ್ತೀಯೇ? ಮೊದಲು ನಿನ್ನ ಪ್ರೊಫೆಸರ ಜೊತೆ ಏನೋ ಜಗಳ ಅಂದುಕೊಂಡೆ. ಆದರೆ ನೀನು ಅವರಿಗೆ ಕೈಮುಗಿದು, ನಗಿಸಿ ಕೆಲಸ ಮಾಡಿಸಿಕೊಳ್ಳುವವಳು, ಜಗಳವಾಡುವವಳಲ್ಲ. ಭಾನುವಾರ ಸುಮ್ಮನೆ ಕಪಾಟಿನಿಂದ ನನ್ನ ಹಳೇ ಗಣಿತದ ಲೇಖನ ತೆಗೆದೆ, ನಿನ್ನ ಥೀಸಿಸ್ ಶುರುವಾಗಿದ್ದೇ ಅದರಿಂದ ತಾನೇ. ಮೂವತ್ತೆಂಟು ವರ್ಷದ ಹಿಂದಿನದು, ನೀನು ಆ ಮೂರು ದಿನ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದೆಯಲ್ಲ, ಅದೇ ಪ್ರತಿ.

ಹನ್ನೊಂದನೇ ಪುಟದಲ್ಲಿ ಒಂದು ಸಾಲಿನ ಪಕ್ಕ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣಿಸುವಷ್ಟು. ಒಂದನೇ ಕ್ಲಾಸಿನಿಂದ ನೋಡಿದ್ದೇನೆ, ನೀನು ರಬ್ಬರ್ ಹಿಡಿದರೆ ಬರೆದಿದ್ದು ಹೋಗುವವರೆಗೂ ಅಲ್ಲ, ಕಾಗದವೇ ಹೋಗುವವರೆಗೂ ಉಜ್ಜುತ್ತೀಯ. ಅಲ್ಲಿ ಏನೋ ಬರೆದು ಅಳಿಸಿದ್ದೀಯ ಅಂತ ಗೊತ್ತಾಯಿತು. 'ಐದು ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲದಕ್ಕೂ ಇದೇ ರೀತಿ' ಅನ್ನೋ ಸಾಲು ಅದು. ಅಲ್ಲೇ ಕೂತೆ. ಅಡುಗೆಮನೆಯಿಂದ ಆರು ಲೋಟ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಿಮ್ಮಮ್ಮನ ಗೊಣಗಾಟಕ್ಕೆ ಕಾರಣ ಇದೇ: ನಾಲ್ಕು ದಿನದಿಂದ ಅವಳಿಗೆ ಕಾಫಿ ಕುಡಿಯೋಕೆ ಲೋಟ ಇಲ್ಲ.

ಈ ಕಾಗದವನ್ನು ನಿಮ್ಮಮ್ಮ ನನ್ನ ಭುಜದ ಮೇಲಿಂದ ಇಣುಕಿ ಓದುತ್ತಿದ್ದಾಳೆ, ಅವಳಿಗೂ ತಿಳಿಯಲಿ ಅಂತ ಬಿಡಿಸಿ ಬರೆಯುತ್ತೇನೆ, ನೀನು ಸ್ವಲ್ಪ ಸಹಿಸಿಕೋ. ಲೋಟಗಳ ಜಾಗ ಬದಲಿಸುವ ಎಲ್ಲ ರೀತಿಗಳೂ ಸೇರಿ ಒಂದು ಗುಂಪು. ಇನ್ನೊಂದು ಕಡೆ ಬಾಣಗಳ ಒಂದು ಲೋಕ. ಅಲ್ಲಿ ಯಾವ ಎರಡು ಬಾಣ ತೆಗೆದುಕೊಂಡರೂ ಅವುಗಳ ನಡುವೆ ಒಂದು ಅಂಕ ಇರುತ್ತದೆ, ಸೊನ್ನೆ ಅಥವಾ ಒಂದು. ತನ್ನನ್ನು ತಾನೇ ಅಳೆದುಕೊಂಡರೆ ಮಾತ್ರ ಯಾವಾಗಲೂ ಸೊನ್ನೆ. ನಾವು ಸಿಂಪ್ಲೆಕ್ಟಿಕ್ ಸ್ಪೇಸ್ ಅನ್ನೋದು ಇದನ್ನೇ. ಲೋಟ ಕದಲಿಸಿದ ಹಾಗೆಲ್ಲ ಬಾಣಗಳೂ ಕದಲಬೇಕು, ಆದರೆ ಅಂಕ ಒಂದೂ ಕೆಡಬಾರದು. ಹಾಗೆ ಕುಣಿಸುವ ರೀತಿಗಳಲ್ಲಿ, ಲೋಟಗಳ ಯಾವುದಾದರೂ ಒಂದು ಬದಲಾವಣೆಗೆ ಬಾಣಗಳು ಆದಷ್ಟು ಕಡಿಮೆ ಅಲುಗುವಂಥವನ್ನು ಹುಡುಕಿ ಪಟ್ಟಿ ಮಾಡಿದ್ದೆ. ಎರಡೇ ಎರಡು ಲೋಟ ಜಾಗ ಬದಲಿಸಿದಾಗ ಮಾತ್ರ ಅಷ್ಟು ಸಣ್ಣ ಅಲುಗಾಟ ಬರುತ್ತದೆ ಅಂತ ಬರೆದೆ. ಐದು ಲೋಟಕ್ಕೆ ಕೈಯಾರೆ ಲೆಕ್ಕ ಹಾಕಿ ನೋಡಿದ್ದೆ. ಏಳಕ್ಕೂ ನೋಡಿದ್ದೆ. ಎರಡೂ ಸರಿಯಾಗಿ ಬಂತು, ನಡುವೆ ಕೂತಿರೋ ಆರು ಇನ್ನೇನು ಬಾಲ ಬಿಚ್ಚುತ್ತದೆ ಅಂತ ನೋಡದೇ ಬಿಟ್ಟೆ.

ಬಿಚ್ಚಿತಲ್ಲ! ಆರರಲ್ಲಿ ಎರಡು ಲೋಟ ಬದಲಿಸುವ ದಾರಿ ಹದಿನೈದು. ಆರನ್ನೂ ಮೂರು ಜೋಡಿ ಮಾಡಿ ಮೂರನ್ನೂ ಒಟ್ಟಿಗೆ ಬದಲಿಸುವ ದಾರಿಯೂ ಹದಿನೈದು. ಈ ಹದಿನೈದು ಸದ್ದಿಲ್ಲದೆ ಬಂದು ಆ ಹದಿನೈದರ ಕುರ್ಚಿಯಲ್ಲಿ ಕೂತುಬಿಡುತ್ತದೆ, ಬಾಣಗಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಂದರೆ ಬಾಣಗಳನ್ನು ಕುಣಿಸುವ ಒಂದು ರೀತಿ ನನ್ನ ಪಟ್ಟಿಯಲ್ಲಿ ಇರಬೇಕಿತ್ತು, ಇಲ್ಲ.

ಸುಳ್ಳು ಯಾಕೆ ಹೇಳಲಿ, ಅವತ್ತು ಊಟ ಸೇರಲಿಲ್ಲ. ನಾನು ಮಾಡಿದ್ದರಲ್ಲಿ ನಾಲ್ಕು ಜನ ನೆನಪಿಟ್ಟುಕೊಂಡಿರೋದು ಅದೊಂದನ್ನೇ. ನಾನು ನಿವೃತ್ತಳಾದ ದಿನ ವೇದಿಕೆ ಮೇಲೆ ಆ ಪಟ್ಟಿಯನ್ನೇ ಓದಿ ಹೊಗಳಿದರು, ಒಂಬತ್ತು ವರ್ಷದ ನೀನು ಮುಂದಿನ ಸಾಲಿನಲ್ಲಿ ಕೂತು, ಚಪ್ಪಾಳೆ ನಿಂತ ಮೇಲೂ ತಟ್ಟುತ್ತಿದ್ದೆ. ಅದಕ್ಕೇ ಅಲ್ಲವೇನೇ ನೀನು ಬಾಯಿ ಬಿಡದೆ ಹೋಗಿದ್ದು? ಈ ಮುದುಕಿ ಇರುವಷ್ಟು ದಿನ ನೆಮ್ಮದಿಯಾಗಿ ಇರಲಿ ಅಂತ?

ಸೋಮವಾರ ಬೆಳಿಗ್ಗೆ ಎದ್ದು ಆ ಲೋಟಗಳನ್ನು ನೋಡಿದರೆ ನಗು ಬಂತು ಕಣೇ. ಎಷ್ಟು ಚೆಂದದ ತಪ್ಪು! ಇಷ್ಟು ವರ್ಷ ಬೇರೆ ಯಾರ ಕಣ್ಣಿಗೂ ಬೀಳದೆ ನಿನಗೆ ಸಿಕ್ಕಿತಲ್ಲ ಅಂತ ಹೊಟ್ಟೆ ತುಂಬಿತು. ಸಿಟ್ಟು ಬಂದಿದ್ದು ಆಮೇಲೆ. ನಿನ್ನ ಎರಡೂವರೆ ವರ್ಷವನ್ನು ರಬ್ಬರಿನಲ್ಲಿ ಉಜ್ಜಿ ಹಾಕಿ ನನ್ನ ಹೆಸರು ಕಾಪಾಡು ಅಂತ ನಿನಗೆ ಯಾರು ಹೇಳಿದ್ದು? ನನ್ನನ್ನು ಗಾಜಿನ ಸಾಮಾನು ಅಂದುಕೊಂಡೆಯಾ? ಆ ಒಂದನ್ನು ಸೇರಿಸಿದ ಮೇಲೆ ಇನ್ನು ಯಾವುದೂ ಬಾಕಿ ಇಲ್ಲ ಅಂತ ತೋರಿಸಬೇಕಲ್ಲ, ಅದಕ್ಕೆ ನಾನು ಮೂರು ದಿನ ತಲೆ ಕೆರೆದುಕೊಂಡೆ. ಅರ್ಧಕ್ಕೆ ನಿಂತೆ. ಮೊದಲಿನ ಹಾಗೆ ಓಡೋದಿಲ್ಲ ತಲೆ. ನಿನಗೆ ಅದು ಆಗಲೇ ಸಿಕ್ಕಿದೆ ಅನ್ನೋದು ನನ್ನ ಗುಮಾನಿ.

ಊಟ ತಪ್ಪಿಸಬೇಡ. ಪ್ರೊಫೆಸರಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮಮ್ಮ ಮುತ್ತು ಕಳಿಸಿದ್ದಾಳೆ, ಬರುವಾಗ ಲೋಟ ತಗೊಂಡು ಬಾ ಅಂತಲೂ ಹೇಳಿದ್ದಾಳೆ. ನೂರು ವರ್ಷ ಸುಖವಾಗಿ ಬಾಳು ಕಂದಾ, ನನಗಿಂತ ದೊಡ್ಡ ತಪ್ಪುಗಳನ್ನು ಮಾಡುವಷ್ಟು ದೊಡ್ಡವಳಾಗು.

ನಿನ್ನ,
ಅಜ್ಜಿ

ಮರೆತಿದ್ದೆ: ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿಬಿಟ್ಟೆ. ಆ ಲೇಖನ ಅಚ್ಚು ಹಾಕಿದ ಪತ್ರಿಕೆಯ ಸಂಪಾದಕರಿಗೆ ನಿನ್ನೆ ಬರೆದು, ಮೊಣಕಾಲು ಬೈದರೂ ನಾನೇ ಅಂಚೆಗೆ ಹಾಕಿ ಬಂದೆ. ನನ್ನ ಪಟ್ಟಿ ತಪ್ಪು, ಅದನ್ನು ಹಿಡಿದವಳು ನನ್ನ ಮೊಮ್ಮಗಳು, ಪೂರ್ತಿ ಪುರಾವೆಯನ್ನು ಈ ತಿಂಗಳೊಳಗೆ ಅವಳೇ ಕಳಿಸುತ್ತಾಳೆ, ಇದಕ್ಕೆ ನನ್ನ ಮಾತೇ ಜಾಮೀನು ಅಂತ ಬರೆದಿದ್ದೇನೆ. ನನ್ನ ಮಾನ ಉಳಿಸಬೇಕು ಅಂತ ಸುಮ್ಮನಿದ್ದೆಯಲ್ಲ, ಈಗ ನೀನು ಸುಮ್ಮನಿದ್ದರೇ ಅದು ಹೋಗೋದು.