ಓರೆಯಾಗಿ ಮನೆಗೆ ಬರುವ ಅಪರಾಧ

ಸರೋವರ ಸುರಕ್ಷತಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಹಾಯಿದೋಣಿ ಕ್ಲಬ್ಬಿನವರು ದ್ವೀಪಕ್ಕೆ ಹೋಗಲು ತಾವು ಅಪ್ಪಣೆ ಕೊಟ್ಟಿದ್ದೀರಿ. ಬಹಳ ಸಂತೋಷ. ಆದರೆ ಅಲ್ಲಿಂದ ಮನೆಗೆ ಬರುವುದನ್ನು ಮಾತ್ರ ಅಪರಾಧ ಮಾಡಿಟ್ಟಿದ್ದೀರಿ. ಊರಿಗೂ ದ್ವೀಪಕ್ಕೂ ನಡುವಿನ ಜಲಮಾರ್ಗದ ಬಾಯಲ್ಲಿ ಈ ಬೇಸಿಗೆ ತಾವು ನಿಲ್ಲಿಸಿರುವ ಫಲಕ ಹೀಗಿದೆ: ‘ಎಲ್ಲ ದೋಣಿಗಳೂ ನೇರ ಮಾರ್ಗದಲ್ಲಿಯೇ ಸಾಗತಕ್ಕದ್ದು. ಅಡ್ಡಾದಿಡ್ಡಿ ಚಾಲನೆ ನಿಷಿದ್ಧ.’ ಎಲ್ಲ ದೋಣಿಗಳೂ ಎಂದರೆ ನಮ್ಮವೂ ಸೇರಿದ ಹಾಗಾಯಿತು! ಹಾಯಿದೋಣಿ ಎದುರುಗಾಳಿಗೆ ನೇರವಾಗಿ ಹೋಗುವುದಿಲ್ಲ ಸ್ವಾಮಿ. ಅದು ಹಟವಲ್ಲ, ಅದಕ್ಕೆ ಬರುವುದೇ ಇಲ್ಲ. ಸ್ವಲ್ಪ ದೂರ ಎಡಕ್ಕೆ ಓರೆಯಾಗಿ ಹೋಗಬೇಕು, ಅಲ್ಲಿ ತಿರುಗಿಸಿ ಸ್ವಲ್ಪ ದೂರ ಬಲಕ್ಕೆ ಓರೆಯಾಗಿ ಬರಬೇಕು, ಹೀಗೆ ಹೊಲಿಗೆ ಹಾಕಿದಂತೆ ಮುಂದೆ ಬರಬೇಕು. ಟ್ಯಾಮರಾಕ್ ಸರೋವರದ ಮೇಲೆ ಬೇಸಿಗೆಯ ಗಾಳಿ ಊರ ಕಡೆಯಿಂದ ದ್ವೀಪದ ಕಡೆಗೆ ಬೀಸುತ್ತದೆ. ನನ್ನ ಅಜ್ಜನ ಕಾಲಕ್ಕೂ ಹಾಗೆಯೇ ಬೀಸುತ್ತಿತ್ತು. ತಮ್ಮ ಸುತ್ತೋಲೆ ಅದಕ್ಕೆ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ.

ತಮ್ಮ ಫಲಕಕ್ಕೆ ಕಾರಣ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೋದ ಬೇಸಿಗೆ ಮೋಟಾರು ದೋಣಿಯ ಪುಂಡರು ಅಲ್ಲಿ ಗಿರಕಿ ಹೊಡೆದು, ದಡದ ಮನೆಗಳವರ ನಿದ್ದೆ ಕೆಡಿಸಿ, ಈಜುವವರ ಎದೆ ನಡುಗಿಸಿದ್ದು ನಮಗೂ ಗೊತ್ತು. ಅವರಿಗೆ ಮೂಗುದಾರ ಹಾಕಿದ್ದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಆ ಮೂಗುದಾರ ಕೊನೆಗೆ ಯಾರ ಮೂಗಿಗೆ ಬಿತ್ತು ಗೊತ್ತೇ? ರೊವೆನಾ ಟಿಬೋ ಎಂಬಾಕೆಯ ಮೂಗಿಗೆ.

ರೊವೆನಾ ನಮ್ಮೂರಿನ ಶಾಲಾ ಬಸ್ಸಿನ ಚಾಲಕಿ. ರೈಲು ಬರದಿದ್ದರೂ ಹಳಿಯ ಮುಂದೆ ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಕಡೆ ಕಿವಿಗೊಟ್ಟೇ ಮುಂದೆ ಹೋಗುವವಳು. ಇಷ್ಟು ವರ್ಷಗಳಲ್ಲಿ ಪೊಲೀಸರಿಂದ ಒಂದು ಎಚ್ಚರಿಕೆಯ ಚೀಟಿಯನ್ನೂ ಕಂಡವಳಲ್ಲ. ಅವಳ ಬಸ್ಸು ದಿನವೂ ಸರೋವರದ ರಸ್ತೆಯಲ್ಲಿ ಹೋಗುತ್ತದೆ. ಮಕ್ಕಳು ಕಿಟಕಿಗೆ ಮೂಗು ಒತ್ತಿ ನಮ್ಮ ಹಾಯಿಗಳನ್ನು ನೋಡುತ್ತಾರೆ. ಒಂದು ದಿನ ಯಾರೋ ಹಿಂದಿನ ಸೀಟಿನಿಂದ, “ಮಿಸ್ ರೊವೆನಾ, ನೀವ್ಯಾಕೆ ಯಾವತ್ತೂ ಹೋಗಲ್ಲ?” ಎಂದು ಕೇಳಿದರಂತೆ. ನೀರೆಂದರೆ ನನಗೆ ಜೀವ ಹೋಗುವಷ್ಟು ಭಯ ಎಂದು ಮಕ್ಕಳ ಮುಂದೆ ಹೇಳಲು ಬಾಯಿ ಬರಲಿಲ್ಲವಂತೆ. “ಹೋಗ್ತೀನಿ ಕಣ್ರೋ, ಒಂದಿನ ಅಲ್ಲಿಂದ್ಲೇ ನಿಮಗೆ ಕೈ ಬೀಸ್ತೀನಿ” ಎಂದುಬಿಟ್ಟಳು. ಹಾಗೆ ಬಾಯಿ ಜಾರಿ ನಮ್ಮ ಕ್ಲಬ್ಬಿಗೆ ಬಂದಳು.

ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವವಳು ನಾನು. ನಮ್ಮ ಮೊದಲ ಪಾಠವೇ ದೋಣಿ ಮಗುಚುವುದು. ಬೇಕೆಂದೇ ಮಗುಚಿ, ನೀರಿಗೆ ಬಿದ್ದು, ದೋಣಿಯನ್ನು ಮತ್ತೆ ಎತ್ತಿ ನಿಲ್ಲಿಸಬೇಕು. ಅದಾದ ಮೇಲೆ ಬೀಳುವ ಭಯ ಅರ್ಧಕ್ಕರ್ಧ ಇಳಿಯುತ್ತದೆ. ರೊವೆನಾ ಹಿಮ ಆಗಷ್ಟೇ ಕರಗಿದ ಮೇ ತಿಂಗಳ ಕೊರೆಯುವ ನೀರಿನಿಂದ ತಲೆ ಎತ್ತಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ಎಡ್ನಾ, ನೆನೆಯೋಕೆ ನನ್ಮನೇಲೇ ಬಚ್ಚಲಿತ್ತಲ್ಲೇ! ಇಷ್ಟು ದೂರ ಬರ್ಬೇಕಿತ್ತಾ?” ಎಂದು ಹಲ್ಲು ಕಟಕಟಿಸುತ್ತ ಬೈದಳು. ಮರುವಾರ ಎಲ್ಲರಿಗಿಂತ ಮೊದಲು ಬಂದು ಹಗ್ಗ ಬಿಚ್ಚುತ್ತಿದ್ದಳು. ಗಂಟು ಹಾಕಲು ಕಲಿತಳು, ನೀರಿನ ಮೇಲಿನ ಕಪ್ಪು ಸುಕ್ಕು ನೋಡಿ ಗಾಳಿ ಬರುವುದನ್ನು ಹೇಳಲು ಕಲಿತಳು. ಹೆದರಿಕೆಯನ್ನು ಬಿಡಲು ಮಾತ್ರ ಮೂರು ಬೇಸಿಗೆ ಹಿಡಿಯಿತು. ಈ ಜೂನ್‌ನಲ್ಲಿ ಪರೀಕ್ಷೆಗೆ ನಿಂತಳು. ಒಬ್ಬಳೇ ಹೋಗಿ ದ್ವೀಪ ಸುತ್ತಿ ಒಬ್ಬಳೇ ಮರಳಿ ಬರುವ ಪರೀಕ್ಷೆ ಅದು.

ಹೋದಳು, ಸುತ್ತಿದಳು. ದಡದ ರಸ್ತೆಯಲ್ಲಿ ಸೈಕಲ್ಲು ನಿಲ್ಲಿಸಿ ಕಾದಿದ್ದ ಅವಳ ಬಸ್ಸಿನ ಮಕ್ಕಳ ದಂಡಿಗೆ ಕೈಯನ್ನೂ ಬೀಸಿದಳು. ಇನ್ನು ಓರೆ ಹಾಕುತ್ತ ಮನೆಗೆ ಬರುವುದಷ್ಟೇ ಬಾಕಿ ಇತ್ತು. ಆಗ ಬಂತು ತಮ್ಮ ಗಸ್ತು ದೋಣಿ. ಅದರಲ್ಲಿದ್ದ ಹುಡುಗ ಒಂದು ಕಾಲಕ್ಕೆ ಇವಳ ಬಸ್ಸಿನಲ್ಲೇ ಕೂತು ಬೆಳೆದವನು, ಒಳ್ಳೆಯವನು. ನಾನು ದಡದಲ್ಲೇ ನಿಂತಿದ್ದೆ, ಗಾಳಿಗೆ ಎದುರಾಗಿ ಅವರಿಬ್ಬರೂ ಕೂಗಿ ಆಡಿದ ಒಂದೊಂದು ಮಾತೂ ಕೇಳಿಸಿತು.

“ಮಿಸ್ ರೊವೆನಾ, ಏನಿದು ಹಾವಿನ ಥರ ಓಡಿಸ್ತಿದೀರ? ಕುಡ್ದಿಲ್ಲ ತಾನೆ?”

“ಕುಡ್ದಿದೀನಪ್ಪ, ಚಹಾ. ಗಾಳಿ ಎದುರಿಂದ ಬರ್ತಿದೆಯಲ್ಲ, ಹಿಂಗೇ ಬರ್ಬೇಕು.”

“ಗಾಳಿ ಎಲ್ಲಿಂದಾದ್ರೂ ಬರ್ಲಿ. ಬೋರ್ಡಲ್ಲಿ ನೇರ ಅಂತಿದೆ, ನೀವು ನೇರ ಹೋಗಿ.”

ಸಮವಸ್ತ್ರ ಹಾಕಿದವರ ಮಾತನ್ನು ಮೀರಿ ಅವಳಿಗೆ ಅಭ್ಯಾಸವಿಲ್ಲ. ದೋಣಿಯ ಮೂತಿಯನ್ನು ನೇರ ದಡಕ್ಕೆ ತಿರುಗಿಸಿದಳು. ಹಾಯಿ ಪಟಪಟನೆ ಬಡಿದುಕೊಂಡಿತು. ದೋಣಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು.

“ಈಗ ನೇರ ಇದೀನಿ ಕಣಪ್ಪ. ಆದ್ರೆ ಹಿಂದಕ್ಕೆ ಹೋಗ್ತಿದೀನಿ.”

ಹುಡುಗ ತಲೆ ಕೆರೆದುಕೊಂಡ. “ಅದಕ್ಕೂ ಅವಕಾಶ ಇಲ್ಲ, ಮಿಸ್ ರೊವೆನಾ.”

ನಕ್ಕುಬಿಡಿ ಮಾನ್ಯರೇ, ನಾನೂ ನಕ್ಕೆ. ಆಮೇಲೆ ಅವನು ಎಚ್ಚರಿಕೆಯ ಚೀಟಿ ಕೊಟ್ಟ. ಪಾಪ, ಹೀಗೆ ಬಿಟ್ಟು ಹೋಗುವುದು ಹೇಗೆ ಎಂದು ಹಗ್ಗ ಎಸೆದು, ಅವಳ ದೋಣಿಯನ್ನು ಎಳೆದು ತಂದು ದಡಕ್ಕೆ ಬಿಟ್ಟ. ನನ್ನ ನಗು ಅಲ್ಲಿಗೆ ನಿಂತಿತು. ಯಾಕೆಂದರೆ ಇನ್ನೊಬ್ಬರ ಹಗ್ಗ ಹಿಡಿದು ಬಂದವರು ನಮ್ಮ ಪರೀಕ್ಷೆಯಲ್ಲಿ ತೇರ್ಗಡೆಯಾಗುವಂತಿಲ್ಲ. ಅದನ್ನು ಹೇಳಬೇಕಾದವಳು ನಾನೇ. ರೊವೆನಾ ಅಳಲಿಲ್ಲ. ಲೈಫ್ ಜಾಕೆಟ್ ಬಿಚ್ಚಿ ಮೊಳೆಗೆ ನೇತುಹಾಕಿ, “ಬಿಡೇ ಎಡ್ನಾ. ಬಸ್ಸು ಓಡಿಸ್ತಾ ಒಂದು ಚೀಟೀನೂ ತಗೊಂಡೋಳಲ್ಲ ನಾನು. ಮಕ್ಕಳೆಲ್ಲ ನೋಡಿದ್ರು. ಇನ್ನು ನೀರಿಗೆ ಇಳಿಯಲ್ಲ” ಎಂದಳು.

ಸೋಮವಾರ ತಮ್ಮ ಕಚೇರಿಗೆ ಬಂದವಳು ನಾನೇ, ನೆನಪಿರಬಹುದು. ಗಾಳಿ ಎದುರಾದರೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ತಾವು, “ಎಂಜಿನ್ ಹಾಕಿಸ್ಕೊಳ್ಳಿ” ಎಂದಿರಿ. ಹಾಡುವವರಿಗೆ ಬಾಯಿ ಮುಚ್ಚಿ ರೇಡಿಯೋ ಹಾಕಿಕೊಳ್ಳಿ ಎನ್ನುತ್ತೀರಾ? “ಹಾಗಾದ್ರೆ ಗಾಳಿ ಎದುರಿರೋವಾಗ ಹೊರಡ್ಬೇಡಿ” ಎಂದಿರಿ. ಹೋಗುವಾಗ ಅದು ಬೆನ್ನಿಗಿರುತ್ತದೆ, ಬರುವಾಗಲೇ ಎದುರು ಎಂದೆ. ತಾವು ಕನ್ನಡಕ ತೆಗೆದು ಒರೆಸಿ, ಬಹಳ ಯೋಚಿಸಿ, “ಗಾಳಿ ತಿರುಗೋವರೆಗೂ ದ್ವೀಪದಲ್ಲೇ ಇರಿ” ಎಂದಿರಿ. ಅಲ್ಲಿ ಇರುವುದು ನೀರುಹಕ್ಕಿಗಳು ಮತ್ತು ಅವು ಬಿಟ್ಟುಹೋದದ್ದು, ಅಷ್ಟೆ. ರಾತ್ರಿಯ ಊಟಕ್ಕೆ ತಾವೇನಾದರೂ ವ್ಯವಸ್ಥೆ ಮಾಡುವಿರಾ?

ಅಂದಹಾಗೆ, ತಮ್ಮ ಬಾಗಿಲಿಗೆ ನಾನು ಆ ದಿನ ಹೇಗೆ ಬಂದೆ ಹೇಳಲೇ? ನನ್ನ ಮಂಡಿಗೆ ಮೆಟ್ಟಿಲು ಆಗದು. ಮೆಟ್ಟಿಲ ಪಕ್ಕದಲ್ಲಿ ತಮ್ಮ ಇಲಾಖೆಯೇ ಗಾಲಿಕುರ್ಚಿಯವರಿಗೆಂದು ಇಳಿಜಾರು ದಾರಿ ಕಟ್ಟಿಸಿದೆ. ಒಳ್ಳೆಯ ಕೆಲಸ, ಅದಕ್ಕೂ ಧನ್ಯವಾದ. ಅದು ಎಡಕ್ಕೆ ಸ್ವಲ್ಪ ಹೋಗುತ್ತದೆ, ತಿರುಗಿ ಬಲಕ್ಕೆ ಬರುತ್ತದೆ, ಮತ್ತೆ ಎಡಕ್ಕೆ ಹೋಗುತ್ತದೆ, ಆಮೇಲೆ ಬಾಗಿಲು. ಯಾಕೆ ನೇರ ಕಟ್ಟಲಿಲ್ಲ? ನೇರ ಕಟ್ಟಿದರೆ ಯಾರೂ ಏರಲಾರರು ಎಂದಲ್ಲವೇ? ಅಡ್ಡಾದಿಡ್ಡಿಯಾಗಿ ಬಂದಳೆಂದು ಅಲ್ಲಿ ನನಗೆ ಯಾರೂ ಚೀಟಿ ಕೊಡಲಿಲ್ಲ. ತಮಗೆ ಇಷ್ಟು ಚೆನ್ನಾಗಿ ಗೊತ್ತಿರುವ ವಿಷಯ ನೀರಿನ ಅಂಚಿಗೆ ಬಂದ ಕೂಡಲೇ ಮರೆತುಹೋಯಿತೇ?

ಆದ್ದರಿಂದ ನನ್ನ ಬೇಡಿಕೆ ಇದು. ಫಲಕದಲ್ಲಿ ‘ಹಾಯಿದೋಣಿಗಳ ಹೊರತು’ ಎಂದು ಸೇರಿಸಿ. ಬಣ್ಣ, ಕುಂಚ ಎರಡೂ ಕ್ಲಬ್ಬಿನಲ್ಲಿವೆ, ನಾನೇ ಬರೆದುಕೊಡುತ್ತೇನೆ. ರೊವೆನಾಳ ಚೀಟಿಯನ್ನು ತಮ್ಮ ಕೈಯಾರೆ ಹರಿಯಿರಿ. ಈ ಶನಿವಾರ ಕ್ಲಬ್ಬಿಗೆ ಬಂದು ನನ್ನ ದೋಣಿಯಲ್ಲಿ ಕೂತು ದ್ವೀಪಕ್ಕೆ ಹೋಗಿ ಬನ್ನಿ. ನೆನೆದರೂ ಚಿಂತೆಯಿಲ್ಲದ ಬಟ್ಟೆ ಹಾಕಿಕೊಳ್ಳಿ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ; ಸರೋವರದ ತಳದಲ್ಲಿ ನಮ್ಮವರ ಕನ್ನಡಕಗಳು ಈಗಲೇ ಸಾಕಷ್ಟಿವೆ. ದೋಣಿಯ ತಳದ ತೂತಿನ ಬಿರಡೆಯನ್ನು ಹೊರಡುವ ಮುಂಚೆ ತಾವೇ ಒಮ್ಮೆ ಮುಟ್ಟಿ ನೋಡಿ, ಅದನ್ನು ಹಾಕದೆ ಹೊರಟವರಲ್ಲಿ ನಮ್ಮ ಇಬ್ಬರು ಅಧ್ಯಕ್ಷರಿದ್ದಾರೆ. ನಾನು “ತಲೆ!” ಎಂದು ಕೂಗಿದರೆ ಕಾರಣ ಕೇಳದೆ ಬಗ್ಗಿಬಿಡಿ; ತಿರುಗುವಾಗ ಬೀಸಿ ಬರುವ ಹಾಯಿಯ ಅಡಿಯ ಕೋಲು ಹುದ್ದೆ ನೋಡುವುದಿಲ್ಲ. ಮಗುಚಿದರೆ ದಡಕ್ಕೆ ಈಜಲು ಹೋಗಬೇಡಿ, ದೋಣಿಯನ್ನೇ ಹಿಡಿದುಕೊಂಡಿರಿ. ಬಂದ ಮೇಲೆ ಬಿಸಿ ಜೋಳದ ತೆನೆಯೂ ಬೆಣ್ಣೆ ಟಾರ್ಟ್ ಎಂಬ ಸಿಹಿತಿಂಡಿಯೂ ಇರುತ್ತವೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮುಂಚೆ ರೊವೆನಾಗೆ ಓದಿ ಹೇಳಿದೆ. ಶಾಲೆಯ ಮುಂದೆ ಖಾಲಿ ಬಸ್ಸಿನಲ್ಲಿ ಕೂತಿದ್ದಳು. ಇಳಿಜಾರು ದಾರಿಯ ಮಾತಿಗೆ ನಕ್ಕಳು. ‘ಇನ್ನು ನೀರಿಗೆ ಇಳಿಯಲ್ಲ’ ಎಂಬಲ್ಲಿಗೆ ಬಂದಾಗ ನಗು ನಿಂತಿತು. ಗಂಟೆ ಹೊಡೆದು ಮಕ್ಕಳು ಓಡಿ ಬರುತ್ತಿದ್ದರು. ಅವರ ಕಡೆಗೇ ನೋಡುತ್ತ ಹೇಳಿದಳು:

“ಆ ಮಾತು ಹೊಡೆದುಹಾಕೇ. ಶನಿವಾರ ಬರ್ತೀನಿ ಅಂತ ಬರಿ. ಆ ಸಾಹೇಬ್ರು ಬಂದ್ರೂ ಸರಿ, ಬರದಿದ್ರೂ ಸರಿ, ಇನ್ನೊಂದು ಚೀಟಿ ಕೊಟ್ರೂ ಸರಿ. ಈ ಊರಿನ ಮಕ್ಕಳನ್ನೆಲ್ಲ ದಿನಾ ಮನೆ ಮುಟ್ಟಿಸ್ತೀನಿ. ನನ್ನನ್ನ ನಾನು ಮನೆ ಮುಟ್ಟಿಸ್ಕೊಳ್ಳಲ್ವಾ?”

ಆ ಮಾತನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ ಇದೂ ಇರಲೆಂದು ಹಾಗೆಯೇ ಬಿಟ್ಟಿದ್ದೇನೆ. ಶನಿವಾರ ಗಾಳಿ ಊರ ಕಡೆಯಿಂದಲೇ ಅಂತೆ. ತಮ್ಮ ಗಸ್ತಿನ ಹುಡುಗನಿಗೆ ದಯವಿಟ್ಟು ಹೇಳಿಡಿ, ಹಗ್ಗ ಎಸೆಯಬೇಡ ಎಂದು.

ಇಂತಿ,
ಹುಟ್ಟಿದಾಗಿನಿಂದ ಓರೆಯಾಗಿಯೇ ಬಂದು, ಊಟದ ಹೊತ್ತಿಗೆ ಹೇಗೋ ಮನೆ ಸೇರುತ್ತಿರುವ ಹಳೆಯ ಅಪರಾಧಿ,
ಎಡ್ನಾ ಲೇಡ್‌ಲಾ
ಟ್ಯಾಮರಾಕ್ ಹಾಯಿದೋಣಿ ಕ್ಲಬ್